ಬಾಲನೀರಿನ ಸಾಕ್ಷಿ

ತೂಬಿನಕ್ಕನ ಮುಂದೆ ನೀರು ಕೂಡ ಸಾಲು ಹಿಡಿದು ನಿಲ್ಲುತ್ತದೆ ಅಂತ ನೆರೆಹೊರೆಯವರು ಹೇಳುತ್ತಿದ್ದರು. ಹೇಳುವಾಗ ಕೆಲವರು ನಗುತ್ತಿದ್ದರು, ಕೆಲವರು ಹಲ್ಲು ಕಡಿಯುತ್ತಿದ್ದರು. ಅಲ್ಲ ಅಂದವರು ಮಾತ್ರ ಯಾರೂ ಇಲ್ಲ. ಅವಳ ಎಡಗೈಗೊಂದು ಗಡಿಯಾರ, ಬಲಗೈಗೊಂದು ಗಡಿಯಾರ. ಒಂದು ಅಪ್ಪನದು, ಇನ್ನೊಂದು ತೀರಿಹೋದ ಗಂಡನದು. "ಎರಡ್ಯಾಕಕ್ಕಾ?" ಅಂದರೆ, "ಒಂದು ಸುಳ್ಳು ಹೇಳಿದ್ರೆ ಹಿಡಿಯೋಕೆ ಇನ್ನೊಂದು ಬೇಡ್ವಾ?" ಅನ್ನುವಳು. ಎರಡೂ ಸೇರಿಕೊಂಡು ಸುಳ್ಳು ಹೇಳಿದರೆ ಅಂತ ಅಂಚೆಯವನು ಒಮ್ಮೆ ಕೆಣಕಿದ್ದ. "ಆಗ ಸೂರ್ಯನ್ನೇ ಕರೆಸಿ ವಿಚಾರಿಸ್ತೀನಿ, ನೀನು ನಿನ್ನ ಕಾಗದ ಹಂಚು ಹೋಗು" ಅಂದಳಂತೆ.

ದೊಡ್ಡ ಕಾಲುವೆ ಊರಿನ ಮೇಲುಗಡೆ ಹರಿಯುತ್ತದೆ. ಅದರ ಏರಿಗೆ ಅಂಟಿಕೊಂಡು ಕಲ್ಲಿನ ತೂಬು. ತೂಬಿಗೆ ಎರಡು ಬಾಯಿ, ಒಂದೊಂದು ಬಾಯಿಗೂ ನೆನೆದು ಒಣಗಿ ಕಬ್ಬಿಣದಂತಾದ ಒಂದೊಂದು ಮರದ ಹಲಗೆ. ಎಡ ಹಲಗೆ ಎತ್ತಿದರೆ ಎಡಗಾಲುವೆಗೆ ನೀರು, ಬಲ ಹಲಗೆ ಎತ್ತಿದರೆ ಬಲಗಾಲುವೆಗೆ. ಯಾರೋ ಎರಡು ತೋಳು ಚಾಚಿ ಹೊಲಗಳನ್ನೆಲ್ಲ ಬಾಚಿ ತಬ್ಬಿಕೊಂಡ ಹಾಗೆ ಆ ಎರಡು ಕಾಲುವೆಗಳು ಬಳಸಿಕೊಂಡು ಹೋಗಿ, ತುದಿಯಲ್ಲಿ ಬೆರಳಿಗೆ ಬೆರಳು ತಾಗುವಷ್ಟು ಹತ್ತಿರ ಬರುತ್ತವೆ. ನಡುವೆ ಒಂದೇ ಒಂದು ಬದು. ರಕ್ತ ಬಿದ್ದದ್ದು ಆ ಬದುವಿನ ಮೇಲೆ. ಆದರೆ ಅದಕ್ಕೆ ಇನ್ನೂ ಹೊತ್ತಿದೆ.

ಯಾರ ಹೊಲಕ್ಕೆ ಎಷ್ಟು ನಿಮಿಷ ನೀರು ಅನ್ನುವುದು ರೈತರ ಸಂಘದ ಗೋಡೆಯ ಮೇಲೆ ಬರೆದಿತ್ತು. ಬರೆದದ್ದನ್ನು ನಡೆಸುವುದು ತೂಬು ಕಾಯುವವರ ಕೆಲಸ. ಅವಳ ಅಪ್ಪ ಮೂವತ್ತು ವರ್ಷ ನಡೆಸಿದ್ದ. ಅವಳು ಮದುವೆಯಾಗಿ ಹೋಗಿ, ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಅಪ್ಪನ ಮನೆಗೆ ವಾಪಸು ಬಂದಾಗ ಅಪ್ಪನ ಬೆರಳಿನ ಗಂಟುಗಳು ಊದಿಕೊಂಡು ಹಲಗೆಯ ಹಿಡಿ ಹಿಡಿಯಲಾರದಂತಾಗಿದ್ದವು. ಅಮ್ಮ ಇರಲಿಲ್ಲ. ತಮ್ಮನಿಗೆ ಎಂಟು ವರ್ಷ. ಇಪ್ಪತ್ತೊಂದರ ಹೆಣ್ಣುಮಗಳು ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು.

ಹೆಂಗಸಿನ ಕೈಗೆ ನೀರು ಕೊಟ್ಟರೆ ಊರು ಮುಳುಗುತ್ತದೆ ಅಂದವರಿದ್ದರು. ಎಲ್ಲರಿಗಿಂತ ಹೆಚ್ಚು ಹೊಲ ಇದ್ದವರೊಬ್ಬರು, ಎಲ್ಲರ ಬಾಯಲ್ಲೂ 'ದೊಡ್ಡವರು', ಮೊದಲ ವಾರವೇ ತೂಬಿಗೆ ಬಂದು ಹಲಗೆ ಇಳಿಯುವ ಜಾಡಿನಲ್ಲಿ ಕಾಲಿಟ್ಟುಕೊಂಡು ನಿಂತರು.

"ಇನ್ನೊಂದು ಹತ್ತು ನಿಮಿಷ ಬಿಡಮ್ಮ. ನಿಮ್ಮಪ್ಪ ಬಿಡ್ತಿದ್ದ."

"ಅಪ್ಪ ಮನೇಲೇ ಇದ್ದಾರೆ, ಕರೆಸಿ ಕೇಳೋಣ. ಅಲ್ಲೀವರೆಗೆ ಕಾಲು ತೆಗೀರಿ. ಈ ಹಲಗೆಗೆ ದೊಡ್ಡವರು ಚಿಕ್ಕವರು ಅನ್ನೋ ಮರ್ಯಾದೆ ಗೊತ್ತಿಲ್ಲ, ಕಾಲ ಮೇಲೇ ಇಳಿಯತ್ತೆ."

ಕಾಲು ತೆಗೆದರು. ಅವತ್ತಿನಿಂದ ಅವಳ ಹೆಸರು ಹೋಗಿ ತೂಬಿನಕ್ಕ ಆಯಿತು. ಅವಳಿಗಿಂತ ಇಪ್ಪತ್ತು ವರ್ಷ ಹಿರಿಯರೂ ಅಕ್ಕ ಅನ್ನತೊಡಗಿದರು.

ಹಾಗಂತ ಅವಳು ತಪ್ಪೇ ಮಾಡದವಳಲ್ಲ. ಒಮ್ಮೆ ಬಡಗಿಯ ಹೊಲಕ್ಕೆ ಏಳು ನಿಮಿಷ ಕಡಿಮೆ ಬಿಟ್ಟಳು. ಅವನಿಗೆ ಗೊತ್ತೂ ಆಗಿರಲಿಲ್ಲ. ತಾನೇ ಅವನ ಮನೆ ಬಾಗಿಲಿಗೆ ಹೋಗಿ, "ನಿನ್ನ ಏಳು ನಿಮಿಷ ನನ್ನ ಕೈಯಲ್ಲಿ ತಪ್ಪಿಹೋಯ್ತು. ಮುಂದಿನ ಸರದೀಲಿ ಸೇರಿಸಿ ಬಿಡ್ತೀನಿ" ಅಂದಳು. ಬಡಗಿ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, "ಬಿಡಕ್ಕಾ, ಏಳು ನಿಮಿಷಕ್ಕೆ ಯಾವ ಪೈರು ಸಾಯತ್ತೆ?" ಅಂದ. "ಪೈರಿನ ಮಾತಲ್ಲವೋ ಇದು, ನನ್ನ ಮಾತು" ಅಂದು ಬಂದಳು.

ತಮ್ಮನನ್ನು ಸಾಕಿದ್ದೂ ಹೀಗೇ, ಅಳತೆ ತಪ್ಪದೆ. ಅವನ ಪುಸ್ತಕದ ಚೀಲ ಹೊಲಿದವಳು ಅವಳು, ಜ್ವರ ಬಂದಾಗ ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದವಳು ಅವಳು, ಹೆಣ್ಣು ನೋಡಿ ಮದುವೆ ಮಾಡಿದವಳೂ ಅವಳೇ. ಅಪ್ಪ ಹೋದ ಮೇಲೆ ಹೊಲ ಮನೆ ಎರಡನ್ನೂ ಅವನ ಹೆಸರಿಗೆ ಬರೆಸಿದಳು. ನೀರಿನ ವಿಷಯಕ್ಕೆ ಬಂದರೆ ಮಾತ್ರ ಅವನೂ ಗೋಡೆಯ ಮೇಲಿನ ಒಂದು ಸಾಲು. ಬಲಗಾಲುವೆಯ ಕೊನೆಯ ಹೊಲ, ಐವತ್ತು ನಿಮಿಷ, ಅಷ್ಟೇ.

ಎಡಗಾಲುವೆಯ ಕೊನೆಯ ಹೊಲದವನಿಗೆ ಮೆಣಸಿನಕಾಯಿ ಅಂತ ಹೆಸರು. ಸಣ್ಣಗೆ, ಕೆಂಪಗೆ, ಮುಟ್ಟಿದರೆ ಉರಿ. ಅವನ ಹೆಂಡತಿ ನಮ್ಮ ಬೀದಿಯಲ್ಲೇ ಹೊಲಿಗೆ ಅಂಗಡಿ ಇಟ್ಟಿದ್ದಳು. ಟೈಲರಮ್ಮ ಅಂದರೆ ಎಲ್ಲರಿಗೂ ಗೊತ್ತು. ಮೆಣಸಿನಕಾಯಿಯ ಹೊಲಕ್ಕೂ ತಮ್ಮನ ಹೊಲಕ್ಕೂ ನಡುವೆ ಇದ್ದದ್ದೇ ಆ ಬದು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಿಬಿಡುತ್ತೇನೆ. ಹೇಳದೆ ಹೋದರೆ ಕೋರ್ಟಿನವರಿಗೆ ಆದ ಗತಿಯೇ ನಿಮಗೂ ಆಗುತ್ತದೆ. ತೂಬಿನಿಂದ ಕಾಲುವೆಯ ತುದಿಗೆ ಒಂದೂವರೆ ಮೈಲಿ. ಹಲಗೆ ಎತ್ತಿದ ಕೂಡಲೇ ನೀರು ಹಾರಿಕೊಂಡು ಹೋಗಿ ಹೊಲಕ್ಕೆ ಬೀಳುವುದಿಲ್ಲ. ನೀರಿನ ತಲೆ ಅಷ್ಟು ದೂರ ತೆವಳಿ ಬರುವ ತನಕ ಕೊನೆಯ ಹೊಲದವನು ಕಾಯಬೇಕು. ಆ ಕಾಯುವುದೂ ಅವನ ಸರದಿಯ ನಿಮಿಷದಲ್ಲೇ ಕಳೆಯುತ್ತದೆ. ಅದಕ್ಕೆ ಬದಲಾಗಿ, ಹಲಗೆ ಇಳಿಸಿದ ಮೇಲೆ ಕಾಲುವೆಯಲ್ಲಿ ಉಳಿದ ನೀರು, ಅದರ ಬಾಲ, ಪೂರ್ತಿ ಅವನದೇ. ಅದಕ್ಕೇ ಬಾಲನೀರು ಅನ್ನುವುದು. ತಲೆ ಕಾದವನಿಗೆ ಬಾಲ. ಅಜ್ಜನ ಕಾಲದ ಕಟ್ಟಳೆ, ಕೂಸಿಗೂ ಗೊತ್ತು. ಎಲ್ಲರಿಗೂ ಗೊತ್ತಿದ್ದದ್ದರಿಂದಲೇ ಅದನ್ನು ಯಾರೂ ಯಾರಿಗೂ ಹೇಳುತ್ತಿರಲಿಲ್ಲ, ಎಲ್ಲೂ ಬರೆದಿರಲೂ ಇಲ್ಲ.

ಆ ವರ್ಷ ಬಿಸಿಲು ಜೋರಾಗಿತ್ತು. ತಮ್ಮ ಹೊಸದಾಗಿ ಈರುಳ್ಳಿ ಸಸಿ ನೆಟ್ಟಿದ್ದ. ಸಂಜೆ ಆರಕ್ಕೆ ತೂಬಿನಕ್ಕ ಎಡ ಹಲಗೆ ಇಳಿಸಿದಳು, ಮೆಣಸಿನಕಾಯಿಯ ಸರದಿ ಮುಗಿಯಿತು. ಬಲ ಹಲಗೆ ಎತ್ತಿದಳು, ತಮ್ಮನ ಸರದಿ ಶುರುವಾಯಿತು. ಎಡ ಹಲಗೆಯ ಸಂದಿಗೆ ಒದ್ದೆ ಮಣ್ಣು ಹುಲ್ಲು ಮೆತ್ತಿ, ಕೈ ತೊಳೆದುಕೊಂಡು, ಕಾಲುವೆ ನೋಡಿಕೊಂಡು ತುದಿಯ ಕಡೆ ನಡೆದಳು. ತಮ್ಮ ತನ್ನ ಒಣ ಹೊಲದಲ್ಲಿ ನಿಂತು ತಲೆನೀರಿಗೆ ಕಾಯುತ್ತಿದ್ದ. ಬದುವಿನ ಆಚೆ ಮೆಣಸಿನಕಾಯಿಯ ಹೊಲದಲ್ಲಿ ಬಾಲನೀರು ಜುಳುಜುಳು ಅನ್ನುತ್ತಿತ್ತು. ಸಸಿ ಬಾಡುವುದನ್ನು ನೋಡುತ್ತ ಅದನ್ನು ಕೇಳುವುದು ಕಷ್ಟವೇ. ಮೆಣಸಿನಕಾಯಿ ಅಷ್ಟಕ್ಕೇ ಸುಮ್ಮನಿರಲಿಲ್ಲ.

"ಏನಯ್ಯಾ, ಇನ್ನೂ ಬರಲಿಲ್ವಾ ನೀರು? ಅಕ್ಕನ ಸೆರಗು ಜಗ್ಗು, ಬರತ್ತೆ" ಅಂದ.

ಹುಟ್ಟಿದ ಮೇಲೆ ಒಂದು ನಿಮಿಷವೂ ಅಕ್ಕನಿಂದ ಹೆಚ್ಚಿಗೆ ಸಿಗದ ತಮ್ಮನಿಗೆ ಈ ಮಾತು ಎಲ್ಲಿ ಚುಚ್ಚಿತೋ. ಗುದ್ದಲಿ ಎತ್ತಿ ಬದು ಕಡಿದ. ಆಚೆಯ ನೀರು ಈಚೆಗೆ ನುಗ್ಗಿತು. ಮೆಣಸಿನಕಾಯಿ ಸಲಿಕೆಯ ಹಿಡಿ ತಿರುಗಿಸಿ ಬೀಸಿದ. ಮೊದಲ ಏಟು ಮೊಣಕೈಗೆ, ಎರಡನೆಯದು ತಲೆಗೆ.

ಕೂಗು ಕೇಳಿ ತೂಬಿನಕ್ಕ ಓಡಿ ಬಂದಾಗ ಎರಡೂ ಗಡಿಯಾರದಲ್ಲಿ ಆರೂವರೆ. ಎಡಗಾಲುವೆಯಲ್ಲಿ ಪಾದ ಮುಳುಗುವಷ್ಟು ನೀರಿತ್ತು. ತಾನು ಸಾಕಿದ ತಮ್ಮ ಕೆಸರಿನಲ್ಲಿ ಬಿದ್ದಿದ್ದ, ಕೆಸರು ಕೆಂಪಾಗಿತ್ತು. ಸೆರಗು ಹರಿದು ತಲೆಗೆ ಕಟ್ಟಿದಳು. ಟ್ರ್ಯಾಕ್ಟರಿನ ಹಿಂದೆ ಅವನನ್ನು ಮಲಗಿಸಿಕೊಂಡು ಆಸ್ಪತ್ರೆ ಮುಟ್ಟುವ ತನಕ, "ಅವನ ಕೈ ಮುರಿಯ, ಅವನ ವಂಶ ಒಣಗ" ಅಂತ ಶಪಿಸುತ್ತಲೇ ಇದ್ದಳು. ತಮ್ಮ ಬದುಕಿದ. ತಲೆಗೆ ಹದಿನಾಲ್ಕು ಹೊಲಿಗೆ ಬಿತ್ತು. ಎಡ ಮೊಣಕೈ ಮತ್ತೆ ನೆಟ್ಟಗಾಗಲಿಲ್ಲ.

ಕೇಸು ನಡೆಯಿತು. ಮೆಣಸಿನಕಾಯಿ ಕದ್ದು ಹಲಗೆ ಎತ್ತಿ ಮುಂದಿನವರ ಸರದಿಯ ನೀರು ತಿರುಗಿಸಿಕೊಂಡ, ಕೇಳಲು ಬಂದವನನ್ನು ಕೊಲ್ಲಲು ಹೋದ ಅಂತ ಸರ್ಕಾರಿ ವಕೀಲರ ವಾದ. ತೂಬಿನಕ್ಕ ಸಾಕ್ಷಿಯಾಗಿ ಹೋದಳು. ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು, ಒಂದು ಮಾತೂ ಹೆಚ್ಚು ಬೇಡ ಅಂತ ಮೊದಲೇ ಹೇಳಿದ್ದರು. ಅಳತೆಯ ಹೆಂಗಸಿಗೆ ಆ ಮಾತು ಬಹಳ ಹಿಡಿಸಿತ್ತು.

"ಎಡ ಹಲಗೆ ಎಷ್ಟು ಗಂಟೆಗೆ ಇಳಿಸಿದ್ರಿ?"

"ಆರಕ್ಕೆ."

"ಭದ್ರವಾಗಿ ಮುಚ್ಚಿದ್ರಾ?"

"ಮುಚ್ಚಿದೆ."

"ಆರೂವರೆಗೆ ಎಡಗಾಲುವೇಲಿ ನೀರಿತ್ತಾ?"

"ಇತ್ತು."

"ಆಯ್ತು. ಹೋಗಿ."

ಬಂದಳು. ಮೆಣಸಿನಕಾಯಿಯನ್ನು ಕೇಳಿದರೆ ಅವನದು ಒಂದೇ ಪಲ್ಲವಿ: "ನೀರು ನನ್ನದು." ಯಾಕೆ ನಿನ್ನದು ಅಂದರೆ, "ನನ್ನದಕ್ಕೇ ನನ್ನದು." ಬಾಲನೀರು ಅಂತ ಒಂದಿದೆ ಅನ್ನುವುದು ಎದುರಿಗೆ ಕೂತ ನ್ಯಾಯಾಧೀಶರಿಗೆ ಗೊತ್ತಿಲ್ಲದಿರಬಹುದು ಅಂತ ಅವನಿಗೆ ಹೊಳೆಯಲೇ ಇಲ್ಲ. ಅವನ ವಕೀಲ ಪೇಟೆಯವನು, ನಲ್ಲಿ ತಿರುಗಿಸಿದರೆ ನೀರು ನಿಲ್ಲುವುದನ್ನೇ ಕಂಡವನು. ಮೆಣಸಿನಕಾಯಿಗೆ ಏಳು ವರ್ಷ ಜೈಲಾಯಿತು.

ತೀರ್ಪಿನ ಪ್ರತಿ ಸಂಘಕ್ಕೆ ಬಂದಾಗ ಅಲ್ಲಿಯ ಗುಮಾಸ್ತ ತೂಬಿನಕ್ಕನನ್ನು ಕರೆಸಿ ಕೂರಿಸಿದ. ಬಾಗಿಲಲ್ಲಿ ಹತ್ತು ಜನ ಸೇರಿದ್ದರು. "ನಿನ್ನ ವಿಷಯ ಬರೆದಿದ್ದಾರಕ್ಕಾ, ಕೇಳು. 'ತೂಬು ಕಾಯುವ ಈ ಸಾಕ್ಷಿಯು ಒಂದು ಮಾತನ್ನೂ ಹೆಚ್ಚಿಸದೆ, ಒಂದು ಮಾತನ್ನೂ ಕಡಿಮೆ ಮಾಡದೆ ನುಡಿದಿದ್ದಾಳೆ. ಇವಳನ್ನು ನಂಬದಿರಲು ಕಾರಣವಿಲ್ಲ.'"

ಜನ ಆಹಾ ಅಂದರು. ತೂಬಿನಕ್ಕ ಸೆರಗು ಸರಿ ಮಾಡಿಕೊಂಡು, "ಇನ್ನೊಂದ್ಸಲ ಓದು" ಅಂದಳು. ಓದಿದ. ಓದುವ ಹುಮ್ಮಸ್ಸಿನಲ್ಲಿ ಮುಂದಿನ ಸಾಲನ್ನೂ ಓದಿದ. "'ಆರಕ್ಕೆ ಮುಚ್ಚಿದ ಕಾಲುವೆಯಲ್ಲಿ ಆರೂವರೆಗೆ ನೀರಿತ್ತೆಂದು ಇವಳೇ ಹೇಳಿರುವುದರಿಂದ, ಆ ನೀರು ಕದ್ದ ನೀರೆಂಬುದು ಸ್ಪಷ್ಟ.'"

ತೂಬಿನಕ್ಕ ಮೊದಲು ನಕ್ಕಳು. "ಇವರಿಗೇನು ಮಂಡೆ ಸರಿಯಿಲ್ವಾ! ಅದ್ಯಾಕೆ ಕದ್ದ ನೀರು? ಅದು ಬಾಲ..." ಅಂದವಳು ಅಲ್ಲೇ ನಿಂತಳು. ಬಾಗಿಲಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಲನೀರಿನ ವಿಷಯ ಇನ್ನೊಬ್ಬರು ಹೇಳಿರುತ್ತಾರೆ ಅಂತಲೇ ಅಲ್ಲಿದ್ದ ಹತ್ತೂ ಜನ ಎಣಿಸಿದ್ದರು.

"ನಿಂಗೆ ಅವತ್ತೇ ಹೊಳೀಲಿಲ್ವಾ ಅಕ್ಕಾ?" ಅಂತ ಆಮೇಲೆ ಯಾರೋ ಕೇಳಿದ್ದಕ್ಕೆ ಅವಳು ಮುಚ್ಚುಮರೆ ಮಾಡಲಿಲ್ಲ. "ಹೊಳೀಲಿಲ್ಲ. ಹೊಳೀಲಿ ಅನ್ನೋ ಮನಸ್ಸೂ ಇರ್ಲಿಲ್ಲ. ತಮ್ಮನ ತಲೆ ಬ್ಯಾಂಡೇಜಿನಲ್ಲಿತ್ತು. ಅವನು ಹಾಳಾಗಿ ಹೋಗ್ಲಿ ಅಂತಿತ್ತು."

ತೀರ್ಪು ಓದಿಸಿಕೊಂಡು ಎರಡು ದಿನ ಕಳೆಯಿತು. ಮೂರನೆಯ ದಿನ ಮಧ್ಯಾಹ್ನ ಹೊಲಿಗೆ ಅಂಗಡಿಯ ಮೆಟ್ಟಿಲು ಹತ್ತಿದಳು. ಟೈಲರಮ್ಮ ಕುತ್ತಿಗೆಗೆ ಟೇಪು ಹಾಕಿಕೊಂಡು ಬಟ್ಟೆಗೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಏನು ಹೊಲೀಬೇಕು? ಬಾಯಿನಾ? ಅದನ್ನ ಕೋರ್ಟಿಗೆ ಹೋಗೋ ಮೊದಲೇ ಹೊಲಿಸ್ಕೊಂಡಿದ್ರಲ್ಲ."

"ಬಿಚ್ಚಿಸೋಕೆ ಬಂದಿದ್ದೀನಿ" ಅಂದಳು ತೂಬಿನಕ್ಕ. "ಅಪೀಲು ಹಾಕಿದ್ದೀಯಾ?"

ಟೈಲರಮ್ಮನ ಕೈಯಲ್ಲಿದ್ದ ಸೀಮೆಸುಣ್ಣ ನಿಂತಿತು. "ಹಾಕಿದ್ದೀನಿ."

"ಹಾಗಾದ್ರೆ ನನ್ನನ್ನ ಕರೆಸೋಕೆ ಹೇಳು. ನಿನ್ನ ಗಂಡ ಹೊಡೆದದ್ದು ಹೊಡೆದದ್ದೇ, ಅದನ್ನ ಅಳಿಸಲ್ಲ. ಆದ್ರೆ ಅವನು ನೀರುಗಳ್ಳ ಅಲ್ಲ."

ಟೈಲರಮ್ಮ ಸೀಮೆಸುಣ್ಣ ಕೆಳಗಿಟ್ಟಳು. ಆಮೇಲೆ ಸ್ಟೂಲಿನ ಮೇಲಿದ್ದ ಬಟ್ಟೆಯ ಚೂರುಗಳನ್ನು ತಳ್ಳಿ, "ಕೂತ್ಕೋ" ಅಂದಳು.

ಅಪೀಲಿನ ವಕೀಲರು ವಯಸ್ಸಾದವರು. ಮೇಲಿನ ಕೋರ್ಟಿನಲ್ಲಿ ಹೊಸ ಸಾಕ್ಷಿಗೆ ಸುಲಭವಾಗಿ ಬಾಗಿಲು ತೆರೆಯುವುದಿಲ್ಲ, ಕೆಳಗೆ ಬರೆದದ್ದನ್ನೇ ಓದುತ್ತಾರೆ ಅಂದರು. ಆದರೂ ಅರ್ಜಿ ಹಾಕಿದರು. ಎಂಟು ತಿಂಗಳಾದ ಮೇಲೆ ತೂಬಿನಕ್ಕನ ಹೆಸರಿಗೆ ಸಮನ್ಸು ಬಂತು. ತಂದುಕೊಟ್ಟ ಅಂಚೆಯವನು ಅವತ್ತು ಯಾವ ತಮಾಷೆಯೂ ಮಾಡಲಿಲ್ಲ.

ತಮ್ಮ ಆಗ ಊಟಕ್ಕೆ ಕೂತಿದ್ದ. ಕಾಗದ ನೋಡಿ ತಟ್ಟೆ ಸರಿಸಿದ. ನೆಟ್ಟಗಾಗದ ಕೈಯನ್ನು ಅಕ್ಕನ ಮುಖದ ಮುಂದೆ ಹಿಡಿದ.

"ಇದನ್ನ ಮುರಿದದ್ದು ಯಾರಕ್ಕಾ? ಬಾಲನೀರಾ?"

"ಮುರಿದದ್ದು ಅವನೇ. ಅದನ್ನೂ ಹೇಳ್ತೀನಿ. ಬದು ಕಡಿದದ್ದು ಯಾರಪ್ಪಾ?"

ಅವನ ಹೆಂಡತಿ ನೀರಿನ ಲೋಟ ಹಿಡಿದು ಬಾಗಿಲಲ್ಲೇ ನಿಂತಳು.

"ಎತ್ತಿ ಆಡಿಸಿದ ಕೈಯಿಂದಲೇ ನನ್ನ ಕತ್ತು ಹಿಸುಕ್ತೀಯಾ?" ಅಂದ ತಮ್ಮ.

"ಕತ್ತು ಹಿಸುಕೋ ಹಾಗಿದ್ರೆ ನಿನಗೆ ಎಂಟು ವರ್ಷ ಇದ್ದಾಗಲೇ ಹಿಸುಕ್ತಿದ್ದೆ, ಆಗ ಕತ್ತು ಸಣ್ಣಗಿತ್ತು. ಉಣ್ಣು."

"ತಮಾಷೆ ಬೇಡ. ಕೇಳು. ಅವನು ಜೈಲಿಂದ ಈಚೆ ಬಂದ ದಿನ ನೀನು ಈ ಮನೆಯಿಂದ ಆಚೆ."

ತೂಬಿನಕ್ಕ ಸಮನ್ಸನ್ನು ಮಡಚಿ ಗಡಿಯಾರದ ಪಟ್ಟಿಯ ಕೆಳಗೆ ಸಿಕ್ಕಿಸಿಕೊಂಡಳು. "ಆಗ್ಲಿ" ಅಂದಳು.

ಅವಳಿಗೆ ಇದ್ದದ್ದು ಅದೊಂದೇ ಮನೆ. ಅಲ್ಲೇ ಹುಟ್ಟಿದವಳು, ಅದರ ಒಂದೊಂದು ಕಿಟಕಿಯ ಚಿಲಕ ಹೇಗೆ ಕಿರುಗುಟ್ಟುತ್ತದೆ ಅಂತ ಬಲ್ಲವಳು. ವಯಸ್ಸು ಐವತ್ತೊಂದು. ಇಷ್ಟು ಗೊತ್ತಿದ್ದೂ ಬೆಳಗಿನ ಮೊದಲ ಬಸ್ಸು ಹತ್ತಿದಳು.

ಮೇಲಿನ ಕೋರ್ಟಿನ ಕೋಣೆಗೆ ಎತ್ತರದ ಸೂರು, ಮೇಲೆಲ್ಲೋ ಟಕ್ ಟಕ್ ಅನ್ನುವ ಫ್ಯಾನು, ಬೆಂಚಿನ ಕೈಗಳಲ್ಲಿ ಎಷ್ಟೋ ಜನರ ಬೆವರು ಕುಡಿದು ಹೊಳೆಯುವ ಮರ. ನ್ಯಾಯಾಧೀಶರು ಇಬ್ಬರು. ಹಿರಿಯರು ಕನ್ನಡಕದ ಮೇಲಿನಿಂದ ನೋಡಿದರು. ಸರ್ಕಾರಿ ವಕೀಲರು ಎದ್ದರು.

"ಗಾಯಗೊಂಡವನು ನಿಮ್ಮ ಸ್ವಂತ ತಮ್ಮ. ಈಗ ಅವನ ವಿರುದ್ಧ ಹೇಳೋಕೆ ಬಂದಿದ್ದೀರಿ?"

"ಇಲ್ಲ ಸ್ವಾಮಿ. ಮೊದಲು ಅರ್ಧ ಹೇಳಿದ್ದೆ. ಉಳಿದ ಅರ್ಧ ಹೇಳೋಕೆ ಬಂದಿದ್ದೀನಿ."

"ಆಗ್ಯಾಕೆ ಹೇಳಲಿಲ್ಲ?"

"ಆಗ ಯಾರೂ ಕೇಳಲಿಲ್ಲ."

"ಕೇಳದಿದ್ರೆ ಹೇಳಬಾರದಾ?"

"ಹೇಳಬೇಕಿತ್ತು. ತಪ್ಪು ನನ್ನದೇ. ಬರ್ಕೊಳ್ಳಿ."

ಬರೆದುಕೊಳ್ಳುತ್ತಿದ್ದವನ ಕೈ ಒಂದು ಗಳಿಗೆ ನಿಂತಿತಂತೆ. ಅಷ್ಟು ಸಲೀಸಾಗಿ ತಪ್ಪು ಒಪ್ಪಿಕೊಂಡವರನ್ನು ಅವನು ಆ ಕೋಣೆಯಲ್ಲಿ ಹೆಚ್ಚು ಕಂಡಿರಲಿಕ್ಕಿಲ್ಲ.

ತಲೆನೀರು, ಬಾಲನೀರು ಎಲ್ಲವನ್ನೂ ಬಿಡಿಸಿ ಹೇಳಿದಳು. ಹಿರಿಯ ನ್ಯಾಯಾಧೀಶರಿಗೆ ಆಸಕ್ತಿ ಹತ್ತಿತು. "ಹಲಗೆ ಇಳಿಸಿದ ಮೇಲೆ ಎಷ್ಟು ಹೊತ್ತು ಬರತ್ತಮ್ಮ ಈ ಬಾಲನೀರು? ಐದು ನಿಮಿಷ?"

"ಐದಾ! ಐದು ನಿಮಿಷಕ್ಕೆ ಅದು ಬಡಗಿ ಹೊಲವನ್ನೂ ದಾಟಿರಲ್ಲ ಸ್ವಾಮಿ. ಮೂವತ್ತೆಂಟು ನಿಮಿಷ."

"ಸುಮಾರು ಮೂವತ್ತೆಂಟಾ?"

"ಸುಮಾರು ಅನ್ನೋದು ನನ್ನ ಕೆಲಸದಲ್ಲಿಲ್ಲ."

ಕೋರ್ಟಿನಲ್ಲಿ ನಗು ಎದ್ದಿತು. ಸರ್ಕಾರಿ ವಕೀಲರು ಇದೆಲ್ಲ ಬಾಯಿಮಾತು, ನಂಬುವುದು ಹೇಗೆ ಅಂದರು. ತೂಬಿನಕ್ಕ, "ನಂಬಬೇಡಿ, ಬಂದು ನೋಡಿ. ನೀರೇನು ಸಾಕ್ಷಿಕಟ್ಟೆ ಹತ್ತೋಕೆ ಬರಲ್ಲ" ಅಂದಳು. ನ್ಯಾಯಾಧೀಶರು ಇಬ್ಬರೂ ತಲೆ ಹತ್ತಿರ ಮಾಡಿ ಮಾತಾಡಿಕೊಂಡು, ಒಬ್ಬ ಇಂಜಿನಿಯರು ಸ್ಥಳಕ್ಕೆ ಹೋಗಿ ಅಳೆದು ವರದಿ ಕೊಡಲಿ ಅಂತ ಆಜ್ಞೆ ಮಾಡಿದರು.

ಇಂಜಿನಿಯರು ಬಂದ ಬೆಳಗ್ಗೆ ಹೊಲದ ಕೆಲಸ ಯಾರಿಗೂ ನೆನಪಾಗಲಿಲ್ಲ. ಎಡಗಾಲುವೆಯ ಉದ್ದಕ್ಕೂ ಜನ. ಸಾಹೇಬರು ಟೋಪಿ ಹಾಕಿಕೊಂಡು, ಕಾಲುವೆಯ ತುದಿಯಲ್ಲಿ ಅಳತೆಕೋಲು ನೆಟ್ಟು, ಕೈಯಲ್ಲಿ ನಿಲ್ಲಿಸಿ ಓಡಿಸುವ ಗಡಿಯಾರ ಹಿಡಿದು ಕೂತರು. ಅತ್ತ ಸಾಹೇಬರ ಕಡೆಯವನೊಬ್ಬನ ಎದುರಿಗೆ ತೂಬಿನಕ್ಕ ಹಲಗೆ ಇಳಿಸಿದಳು. ಫೋನಿನಲ್ಲಿ "ಇಳೀತು" ಅಂದ ಗುಮಾಸ್ತನ ದನಿ ತೂಬಿನಿಂದ ತುದಿಯ ತನಕ ಫೋನಿಲ್ಲದೆಯೂ ಕೇಳಿಸಿತು. ಅಪೀಲಿನ ವಕೀಲರು, ಸರ್ಕಾರಿ ವಕೀಲರು ಇಬ್ಬರೂ ಪ್ಯಾಂಟು ಮಡಚಿಕೊಂಡು ಒಂದೇ ಕೊಡೆಯ ಕೆಳಗೆ ನಿಂತಿದ್ದರು. ಟೈಲರಮ್ಮ ಯಾರ ಹತ್ತಿರವೂ ನಿಲ್ಲದೆ ದೂರದಲ್ಲಿ, ಟೇಪನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತಿದ್ದಳು. ತೂಬಿನಕ್ಕ ಮಾತ್ರ ಅವಸರವಿಲ್ಲದೆ ಏರಿಯ ಮೇಲೆ ನಡೆದುಕೊಂಡು ಬಂದಳು.

ಹತ್ತು ನಿಮಿಷ, ನೀರು ಹಾಗೇ ಇತ್ತು. ಇಪ್ಪತ್ತು, ಹಾಗೇ ಇತ್ತು. ಸರ್ಕಾರಿ ವಕೀಲರು ಬಗ್ಗಿ ನೋಡಿ, "ಹಲಗೆ ಸರಿಯಾಗಿ ಮುಚ್ಚಿದ್ಯಾ?" ಅಂದರು. ಇಂಜಿನಿಯರು, ಎದುರಿಗೆ ನಿಂತು ಮುಚ್ಚಿಸಿದವನು ನಮ್ಮವನೇ ಅಂದರು. ಮೂವತ್ತಕ್ಕೆ ಪಾದ ಮುಳುಗುವಷ್ಟು ಇತ್ತು. ಮೂವತ್ತೈದಕ್ಕೆ ನೀರಿನ ಬಾಲ ಕಂಡಿತು, ಕೆಸರಿನ ಮೇಲೆ ತೆಳ್ಳಗೆ ತೆವಳುತ್ತ. ಮೂವತ್ತೆಂಟಾಯಿತು. ಇನ್ನೂ ಹನಿಯುತ್ತಿತ್ತು. ಮೂವತ್ತೊಂಬತ್ತು. ನಲವತ್ತಕ್ಕೆ ನಿಂತಿತು.

ಇಂಜಿನಿಯರು ಗಡಿಯಾರ ನಿಲ್ಲಿಸಿ ನಕ್ಕರು. "ಏನಮ್ಮಾ, ಮೂವತ್ತೆಂಟು ಅಂದಿದ್ರಿ. ಎರಡು ನಿಮಿಷ ಹೆಚ್ಚಾಯ್ತಲ್ಲ."

ತೂಬಿನಕ್ಕ ಕಾಲುವೆಯಲ್ಲಿ ಮೊಣಕಾಲೆತ್ತರ ಬೆಳೆದ ಹುಲ್ಲಿನ ಕಡೆ ಕೈ ತೋರಿಸಿದಳು. "ಆ ಎರಡು ನಿಮಿಷ ಹುಲ್ಲಿಗೆ ಸಿಕ್ಕಿ ತಡವಾದದ್ದು. ಇಲ್ಲಿ ಹುಲ್ಲು ಕೊಯ್ಯೋನು ಜೈಲಲ್ಲಿದ್ದಾನಲ್ಲ ಸ್ವಾಮಿ."

ದೊಡ್ಡವರೇ ಮೊದಲು ಚಪ್ಪಾಳೆ ಹೊಡೆದರು. ಆಗ ಎದ್ದ ಗದ್ದಲ ಇಂದಿಗೂ ಕಿವಿಯಲ್ಲಿದೆ. ನಮ್ಮ ತೂಬಿನಕ್ಕ ಕಣ್ರೀ, ಇಂಜಿನಿಯರ್ ಸಾಹೇಬ್ರಿಗೇ ನೀರು ಕುಡಿಸಿದ್ಲು ಅಂತ ಅಂಚೆಯವನು ಆ ವಾರವೆಲ್ಲ ಕಾಗದದ ಜೊತೆಗೆ ಮನೆಮನೆಗೂ ಹಂಚಿದ.

ತೀರ್ಪು ಬರಲು ಇನ್ನೂ ಎರಡು ತಿಂಗಳು ಹಿಡಿಯಿತು. ಆರೂವರೆಯ ನೀರು ಆರೋಪಿಯದೇ. ಅವನು ಕದಿಯಲಿಲ್ಲ, ಕೊಲ್ಲುವ ಉದ್ದೇಶದಿಂದ ಬಂದವನೂ ಅಲ್ಲ. ತನ್ನ ನೀರು ಉಳಿಸಿಕೊಳ್ಳಲು ಹೋಗಿ ಮಿತಿಮೀರಿ ಹೊಡೆದದ್ದು ಮಾತ್ರ ನಿಜ. ಅದಕ್ಕೆ ಇಷ್ಟರವರೆಗೆ ಅನುಭವಿಸಿದ ಶಿಕ್ಷೆ ಸಾಕು, ಬಿಟ್ಟುಬಿಡಿ ಅಂತ ಬರೆದಿತ್ತು. ಗುಮಾಸ್ತ ಓದಿ ಮುಗಿಸಿ, "ಈ ಸಲ ನಿನ್ನ ಹೊಗಳಿಲ್ಲವಲ್ಲಕ್ಕಾ" ಅಂತ ಪೇಚಾಡಿದ. "ಮಿತಿಮೀರಿ ಹೊಡೆದ ಅಂತ ಬರೆದಿದ್ದಾರಲ್ಲ, ಅದೂ ಸರಿಯಾಗಿದೆ. ಅಷ್ಟು ಸಾಕು" ಅಂದಳು ಅವಳು.

ಮೆಣಸಿನಕಾಯಿ ಗುರುವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತಾನೆ ಅಂತ ಸುದ್ದಿಯಾಯಿತು. ಬುಧವಾರವೇ ತೂಬಿನ ಪಕ್ಕದ ಕೋಣೆಗೆ ಜನ ಸೇರಿದರು. ಹಗ್ಗ, ಗುದ್ದಲಿ, ಹಳೆಯ ಹಲಗೆ ಇಡುತ್ತಿದ್ದ ಒಂದೇ ಒಂದು ಕೋಣೆ ಅದು. ಬಡಗಿ ಬಾಗಿಲಿಗೆ ಹೊಸ ತಿರುಗಣಿ ಹಾಕಿದ, ಟೈಲರಮ್ಮ ಕಿಟಕಿಗೆ ಪರದೆ ಹೊಲಿದು ತಂದಳು, ದೊಡ್ಡವರ ಮನೆಯಿಂದ ಮಂಚ ಬಂತು. ಮುಂದೆ ಹನ್ನೊಂದು ವರ್ಷ ಅವಳು ಅಲ್ಲೇ ಇದ್ದಳು, ಅಲ್ಲಿಂದಲೇ ತೂಬು ನಡೆಸಿದಳು. ಬದುವಿನ ಆಚೆಗೂ ಈಚೆಗೂ ಅವಳು ಬಿಟ್ಟ ನೀರನ್ನು ಯಾರೂ ಎದುರಾಡದೆ ತೆಗೆದುಕೊಂಡರು.

ಗುರುವಾರ ಬೆಳಗ್ಗೆ ಅವಳು ಎಂದಿನಂತೆ ಒಲೆ ಹಚ್ಚಿ, ಎಲ್ಲರಿಗೂ ಚಹಾ ಮಾಡಿಟ್ಟು, ಟ್ರಂಕು ತಂದು ನಡುಮನೆಯಲ್ಲಿ ಇಟ್ಟಳು. ತಮ್ಮನ ಹೆಂಡತಿ ಕಣ್ಣೊರೆಸಿಕೊಳ್ಳುತ್ತ, "ಅತ್ತಿಗೆ, ಅವರು ಸಿಟ್ಟಲ್ಲಿ ಹೇಳಿದ್ದು. ನೀವು ಅದನ್ನೇ ಹಿಡ್ಕೊಂಡ್ರೆ ಹೇಗೆ?" ಅಂದಳು.

ತಮ್ಮ ಗೋಡೆಗೆ ಒರಗಿ ನಿಂತಿದ್ದ. ನೆಲ ನೋಡುತ್ತ, "ಹೌದು. ಸಿಟ್ಟಲ್ಲಿ ಹೇಳಿದ್ದು" ಅಂದ.

"ನಂಗೊತ್ತಿಲ್ವೇನೋ" ಅಂದಳು ತೂಬಿನಕ್ಕ. "ಆದ್ರೂ ಹೋಗೋದೇ ಸರಿ. ಇವತ್ತಿಂದ ಅವನು ಈ ಬೀದೀಲಿ ಓಡಾಡ್ತಾನೆ. ನೀನು ಕಿಟಕಿಯಿಂದ ಅವನನ್ನ ನೋಡಿ, ಆಮೇಲೆ ನನ್ನ ಮುಖ ನೋಡ್ತೀಯ. ನಾನು ನಿನ್ನ ಕೈ ನೋಡ್ತೀನಿ. ಇಬ್ರಿಗೂ ಗಂಟಲಲ್ಲಿ ಅನ್ನ ಇಳಿಯಲ್ಲ. ಸುಮ್ನೆ ಇಬ್ರೂ ಯಾಕೆ ಹಸ್ಕೊಂಡಿರೋದು?"

ಅವನು ಬಗ್ಗಿ, ನೆಟ್ಟಗಿರುವ ಬಲಗೈಯಿಂದ ಟ್ರಂಕಿನ ಹಿಡಿ ಹಿಡಿದ. "ಒಬ್ಳೇ ಹೊರೋಕಾಗತ್ತಾ ಇದು? ಕಲ್ಲು ತುಂಬಿದ್ದೀಯಾ?" ಅಂತ ಗದರಿದ. ಎತ್ತಿಕೊಂಡು ಬಾಗಿಲ ತನಕ ನಡೆದು, ಹೊಸ್ತಿಲಿನ ಹತ್ತಿರ ಒಂದು ಕ್ಷಣ ನಿಂತು, ಆಮೇಲೆ ಮೆಟ್ಟಿಲನ್ನೂ ಇಳಿದ.

ತೂಬಿನಕ್ಕ ಅವನ ಹೆಂಡತಿಯ ಗಲ್ಲ ಸವರಿ, ತಲೆ ಬಾಗಿಸಿ ಬಾಗಿಲು ದಾಟಿ ಬೀದಿಗೆ ಬಂದಳು. ಎದುರು ಸಾಲಿನಲ್ಲಿ ಬೀದಿಯ ಕ್ಷೌರಿಕ ಗಿರಾಕಿಯೊಬ್ಬನಿಗೆ ಗಡ್ಡ ಬೋಳಿಸುತ್ತಿದ್ದ. ಅವಳನ್ನು ಕಂಡು ಕತ್ತಿ ಕೆಳಗಿಟ್ಟು ಎದ್ದು ನಿಂತ. ಒಂದು ಕೆನ್ನೆಗೆ ಸೋಪಿನ ನೊರೆ ಹಾಗೇ ಇದ್ದ ಗಿರಾಕಿಯೂ ಎದ್ದು ನಿಂತ. ಆಮೇಲೆ ಬೀದಿಯ ಉದ್ದಕ್ಕೂ ಮೆಟ್ಟಿಲ ಮೇಲೆ ಕೂತಿದ್ದವರೆಲ್ಲ ಒಬ್ಬೊಬ್ಬರಾಗಿ ಎದ್ದರು.

"ಏನ್ರೋ, ಕೆಲಸ ಇಲ್ವಾ ನಿಮಗೆ?" ಅಂದು ತೂಬಿನಕ್ಕ ಮುಂದೆ ನಡೆದಳು. ತಮ್ಮ ಟ್ರಂಕು ಹೊತ್ತು ಹಿಂದೆ ನಡೆದ.